ಗಾತ್ರದ ಗುಟ್ಟು ತಿಳಿಸಿದ ವಿಜ್ಞಾನಿ ಹಾಲ್ಡೇನ್

ಉದಗೀರ ಸೀಮೆಯ ದೇವಣಿ ಎತ್ತು ಎಂದರೆ ನಮಗೆಲ್ಲ ಹೆಮ್ಮೆ. ಅದರ ಮೈಕಟ್ಟಿನ ಮುಂದೆ ಹೊಲದ ಇಲಿ ಯಾವ ಲೆಕ್ಕ? ಆದರೂ ಎರಡರ ಜೀವಕೋಶಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದರೆ ಗಾತ್ರದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣುವುದಿಲ್ಲ. ಎತ್ತಿನ ಕೋಶಗಳು ದೊಡ್ಡವಲ್ಲ, ಅವುಗಳ ಸಂಖ್ಯೆ ದೊಡ್ಡದು. ಕೋಶವು ಹೀಗೆ ಚಿಕ್ಕದಾಗಿಯೇ ಉಳಿಯುವುದೇಕೆ? ಗಾತ್ರಕ್ಕೂ ಬದುಕಿಗೂ ಇರುವ ನಂಟನ್ನು ಜನಸಾಮಾನ್ಯರಿಗೂ ತಿಳಿಯುವಂತೆ ವಿವರಿಸಿದ ಜೆ. ಬಿ. ಎಸ್. ಹಾಲ್ಡೇನರ ಜೀವನವನ್ನು ಇಲ್ಲಿ ಸ್ಮರಿಸೋಣ.

ಹಾಲ್ಡೇನರು 1892ರ ನವೆಂಬರ್ 5ರಂದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜನಿಸಿದರು. ತಂದೆ ಜಾನ್ ಸ್ಕಾಟ್ ಹಾಲ್ಡೇನರು ಉಸಿರಾಟದ ಬಗ್ಗೆ ಸಂಶೋಧನೆ ಮಾಡಿದ ದೊಡ್ಡ ವಿಜ್ಞಾನಿ. ಗಣಿಗಳಲ್ಲಿ ವಿಷಗಾಳಿಯಿಂದ ಕೂಲಿಕಾರರು ಸಾಯುವುದನ್ನು ತಡೆಯಲು ಅವರು ಹಗಲಿರುಳು ದುಡಿದರು. ಒಮ್ಮೆ ಬಾಲಕ ಹಾಲ್ಡೇನರನ್ನೂ ಗಣಿಯೊಳಗೆ ಕರೆದೊಯ್ದು, ಎದ್ದು ನಿಂತು ಷೇಕ್ಸ್‌ಪಿಯರನ ನಾಟಕದ ಭಾಷಣವೊಂದನ್ನು ಹೇಳಲು ತಿಳಿಸಿದರು. ಸ್ವಲ್ಪ ಹೊತ್ತಿನಲ್ಲೇ ಹುಡುಗನಿಗೆ ಏದುಸಿರು ಬಂದು ಕಾಲು ಕುಸಿದವು. ನೆಲಕ್ಕೆ ಬಿದ್ದೊಡನೆ ಚೇತರಿಸಿಕೊಂಡನು. ಹಗುರವಾದ ಮೀಥೇನ್ ಅನಿಲ ಮೇಲ್ಭಾಗದಲ್ಲಿ ತುಂಬಿ, ಆಮ್ಲಜನಕವುಳ್ಳ ಗಾಳಿ ಕೆಳಗೆ ಮಾತ್ರ ಉಳಿದಿತ್ತು. ಆಮ್ಲಜನಕ ತಲುಪದಿದ್ದರೆ ದೇಹ ಸೋಲುತ್ತದೆಂಬ ಪಾಠ ಹೀಗೆ ಅನುಭವದಿಂದಲೇ ದೊರೆಯಿತು.

ಆಕ್ಸ್‌ಫರ್ಡಿನಲ್ಲಿ ಅವರು ಓದಿದ್ದು ಗಣಿತ ಮತ್ತು ಪ್ರಾಚೀನ ಸಾಹಿತ್ಯ. ವಿಜ್ಞಾನದ ಪದವಿಯನ್ನು ಅವರು ಪಡೆಯಲೇ ಇಲ್ಲ. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿ ಗಾಯಗೊಂಡರು. ಮುಂದೆ ಕೇಂಬ್ರಿಜ್ ಮತ್ತು ಲಂಡನ್ನುಗಳಲ್ಲಿ ಅಧ್ಯಾಪಕರಾಗಿ, ಗಣಿತವನ್ನು ತಳಿಶಾಸ್ತ್ರಕ್ಕೆ ಅಳವಡಿಸಿ ಕೀರ್ತಿವಂತರಾದರು. 1926ರಲ್ಲಿ ಅವರು ಜೀವಿಗಳಿಗೆ ತಕ್ಕ ಗಾತ್ರ ಯಾವುದೆಂಬ ಬಗ್ಗೆ ಪ್ರಬಂಧವೊಂದನ್ನು ಬರೆದರು. ಅದು ಇಂದಿಗೂ ಜಗತ್ತಿನಾದ್ಯಂತ ಓದಲ್ಪಡುತ್ತಿದೆ.

ಅದರ ಹಿಂದಿರುವ ಲೆಕ್ಕ ನಮ್ಮ ಶಾಲೆಯ ಲೆಕ್ಕವೇ. 1 ಸೆಂ.ಮೀ. ಬಾಹುವಿನ ಘನದ ಮೇಲ್ಮೈ 6 ಚದರ ಸೆಂ.ಮೀ., ಘನಫಲ 1 ಘನ ಸೆಂ.ಮೀ. ಬಾಹುವನ್ನು 2 ಸೆಂ.ಮೀ. ಮಾಡಿದರೆ ಮೇಲ್ಮೈ 24, ಘನಫಲ 8. 3 ಸೆಂ.ಮೀ. ಮಾಡಿದರೆ 54 ಮತ್ತು 27. ಅಂದರೆ ಪ್ರತಿ ಘನ ಸೆಂ.ಮೀ.ಗೆ ದೊರೆಯುವ ಮೇಲ್ಮೈ 6ರಿಂದ 3ಕ್ಕೆ, 3ರಿಂದ 2ಕ್ಕೆ ಇಳಿಯುತ್ತದೆ. ಕೋಶಕ್ಕೆ ಆಹಾರ, ಆಮ್ಲಜನಕ ಬರುವುದು ಮೇಲ್ಮೈಯ ಮೂಲಕ; ಉಣ್ಣುವ ಬಾಯಿ ಮಾತ್ರ ಇಡೀ ಒಡಲು. ಒಡಲು ಬೆಳೆದಷ್ಟು ಬಾಗಿಲು ಬೆಳೆಯುವುದಿಲ್ಲ.

ಬಾಗಿಲು ದಾಟಿದ ಮೇಲೂ ದಾರಿಯಿದೆ. ದಟ್ಟಣೆ ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ಕಣಗಳು ತಾವಾಗಿ ಹರಡುವುದಕ್ಕೆ ವಿಸರಣ ಎನ್ನುತ್ತಾರೆ. ಇದರ ನಿಯಮವನ್ನು ಅಡಾಲ್ಫ್ ಫಿಕ್ ಎಂಬ ಜರ್ಮನ್ ವಿಜ್ಞಾನಿ 1855ರಲ್ಲಿ ತಿಳಿಸಿದರು. ದೂರ ಎರಡು ಪಟ್ಟಾದರೆ ತಗಲುವ ಕಾಲ ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು. ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ದೂರವನ್ನು ಆಮ್ಲಜನಕವು ನೀರಿನಲ್ಲಿ ಕಣ್ಣೆವೆ ಮುಚ್ಚುವಷ್ಟರಲ್ಲಿ ದಾಟುತ್ತದೆ. ಒಂದು ಸೆಂಟಿಮೀಟರ್ ದಾಟಲು ತಾಸುಗಟ್ಟಲೆ ಬೇಕು. ಅಷ್ಟರಲ್ಲಿ ನಡುವಿನ ಭಾಗ ಸತ್ತೇ ಹೋದೀತು! ಆದುದರಿಂದ ಕೋಶವು ಮಿತಿ ಮೀರಿ ಬೆಳೆಯದೆ ಎರಡಾಗಿ ಒಡೆಯುತ್ತದೆ.

ಉಮರ್ಗಾ ಪೇಟೆಯಿಂದ ತಂದ ಒಂದು ಬಟಾಟೆಯಿಂದ ಇದನ್ನು ಪರೀಕ್ಷಿಸಬಹುದು. ದೊಡ್ಡದೊಂದು, ಚಿಕ್ಕದೊಂದು ಘನಾಕೃತಿಯ ಹೋಳು ಮಾಡಿ ಬಣ್ಣದ ನೀರಿನಲ್ಲಿ ಕೆಲವು ತಾಸು ಇಟ್ಟು ಕೊಯ್ದು ನೋಡಿರಿ. ಬಣ್ಣ ಎರಡರಲ್ಲೂ ಸುಮಾರು ಒಂದೇ ಆಳಕ್ಕೆ ಇಳಿದಿರುತ್ತದೆ. ಆದರೆ ಚಿಕ್ಕ ಹೋಳಿನ ಬಹುಪಾಲು ಬಣ್ಣವಾದಾಗ ದೊಡ್ಡದರ ನಡುಭಾಗ ಬೆಳ್ಳಗೇ ಉಳಿದಿರುತ್ತದೆ.

ಹಾಗಾದರೆ ಎತ್ತು ಬದುಕಿರುವುದು ಹೇಗೆ? ಶ್ವಾಸಕೋಶದೊಳಗಿನ ಲಕ್ಷಾಂತರ ಗಾಳಿಚೀಲಗಳು ಮೇಲ್ಮೈಯನ್ನು ಹಿಗ್ಗಿಸುತ್ತವೆ. ಹೃದಯ ನೂಕಿದ ರಕ್ತವು ಆಮ್ಲಜನಕವನ್ನು ಕೋಶಗಳ ಹತ್ತಿರಕ್ಕೇ ಹೊತ್ತೊಯ್ಯುತ್ತದೆ. ವಿಸರಣಕ್ಕೆ ಉಳಿಯುವುದು ಕೂದಲೆಳೆಯಷ್ಟು ದೂರ ಮಾತ್ರ. ಕೀಟಗಳ ರಕ್ತಕ್ಕೆ ಈ ಕೆಲಸವಿಲ್ಲ. ಅವುಗಳಿಗೆ ಗಾಳಿ ಬರುವುದು ಸಣ್ಣ ನಳಿಕೆಗಳಲ್ಲಿ, ಬಹುಮಟ್ಟಿಗೆ ವಿಸರಣದಿಂದ. ಅವು ಚಿಕ್ಕವಾಗಿ ಉಳಿಯಲು ಇದೂ ಒಂದು ಕಾರಣವೆಂದು ಹಾಲ್ಡೇನರು ತೋರಿಸಿದರು.

ಅವರ ವಿದ್ಯೆ ಪುಸ್ತಕದಲ್ಲೇ ಉಳಿಯಲಿಲ್ಲ. 1939ರಲ್ಲಿ ಥೀಟಿಸ್ ಎಂಬ ಜಲಾಂತರ್ಗಾಮಿ ಮುಳುಗಿ 99 ಜನ ಮಡಿದಾಗ, ಅವರು ತಾವೇ ಉಕ್ಕಿನ ಕೋಣೆಯಲ್ಲಿ ಕುಳಿತು ಕೆಟ್ಟ ಗಾಳಿಯ ಪರಿಣಾಮವನ್ನು ಪರೀಕ್ಷಿಸಿದರು. ಇಂಥ ಪ್ರಯೋಗಗಳಲ್ಲಿ ಅವರ ಬೆನ್ನೆಲುಬಿಗೂ ಪೆಟ್ಟಾಯಿತು.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ನಮ್ಮ ಉದಗೀರ, ನಿಲಂಗಾ ತಾಲ್ಲೂಕುಗಳು ಬೀದರ ಜಿಲ್ಲೆಯನ್ನು ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿದವು. ಅದರ ಮರುವರ್ಷ ಹಾಲ್ಡೇನರು ತಮ್ಮ ದೇಶವನ್ನೇ ಬಿಟ್ಟು, ಪತ್ನಿ ಹೆಲೆನ್ ಸ್ಪರ್ವೇ ಅವರೊಡನೆ ಕಲಕತ್ತೆಗೆ ಬಂದರು. ಇಲ್ಲಿನ ಉಡುಪು ತೊಟ್ಟರು, ಸಸ್ಯಾಹಾರಿಗಳಾದರು, 1961ರಲ್ಲಿ ಭಾರತದ ಪ್ರಜೆಯಾದರು. ದುಬಾರಿ ಯಂತ್ರಗಳಿಲ್ಲದೆಯೂ ಹೂವಿನ ಎಸಳು ಎಣಿಸಿ, ತೆಂಗಿನ ಗರಿಗಳ ಸುತ್ತನ್ನು ಗಮನಿಸಿ ಒಳ್ಳೆಯ ವಿಜ್ಞಾನ ಮಾಡಬಹುದೆಂದು ತರುಣರಿಗೆ ದಾರಿ ತೋರಿದರು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು.

ವಿದ್ಯಾರ್ಥಿ ಮಿತ್ರರೇ, ಬರಿದೆ ದೊಡ್ಡದಾಗುವುದು ಬೆಳವಣಿಗೆಯಲ್ಲ. ಒಳಗಿನ ಕಟ್ಟಕಡೆಯ ಕಣಕ್ಕೂ ಅನ್ನ, ಗಾಳಿ ತಲುಪಿದರೆ ಮಾತ್ರ ಅದು ಬೆಳವಣಿಗೆ. ಕೋಶಕ್ಕೆ ಸಲ್ಲುವ ಈ ಮಾತು ಮನೆಗೂ ಊರಿಗೂ ಸಲ್ಲುತ್ತದೆ. ಪ್ರಯೋಗಶಾಲೆ ಚಿಕ್ಕದೆಂದು ನಾವು ಅಳುಕಬೇಕಿಲ್ಲ. ಒಂದು ಬಟಾಟೆ, ಒಂದು ಲೋಟ ಬಣ್ಣದ ನೀರು, ನೋಡುವ ಕಣ್ಣು ಇದ್ದರೆ ಆರಂಭಕ್ಕೆ ಸಾಕು.