ಸೇತುವೆಯ ಹೊಣೆ ಹೊತ್ತ ರೋಬ್ಲಿಂಗ್

ದೊಡ್ಡ ಕಟ್ಟಡವೊಂದು ತಲೆಯೆತ್ತಿ ನಿಂತಾಗ ನಾವು ಅದರ ಎತ್ತರಕ್ಕೆ ಬೆರಗಾಗುತ್ತೇವೆ. ಕೂಲಿಯವನ ಬೆವರನ್ನೂ ಒಮ್ಮೊಮ್ಮೆ ನೆನೆಯುತ್ತೇವೆ. ಆದರೆ ಕೆಲಸದ ಹೊಣೆ ಹೊತ್ತು ಹಗಲಿರುಳು ಚಿಂತೆಯಲ್ಲಿ ಬೇಯುವ ಮೇಲ್ವಿಚಾರಕನ ಪಾಡು ನಮ್ಮ ಕಣ್ಣಿಗೆ ಬೀಳುವುದು ಅಪರೂಪ. ಅಮೆರಿಕದ ವಾಷಿಂಗ್ಟನ್ ರೋಬ್ಲಿಂಗನ ಜೀವನವು ಆ ಪಾಡನ್ನು ತಿಳಿಸುತ್ತದೆ.

ಆತನು ೧೮೩೭ರಲ್ಲಿ ಜನಿಸಿದನು. ನ್ಯೂಯಾರ್ಕಿಗೂ ಬ್ರೂಕ್ಲಿನ್ನಿಗೂ ಸೇತುವೆ ಕಟ್ಟುವ ಯೋಜನೆ ತಂದೆ ಜಾನ್ ರೋಬ್ಲಿಂಗನದು. ೧೮೬೯ರಲ್ಲಿ ಸ್ಥಳದ ಮೋಜಣಿ ನಡೆಯುತ್ತಿದ್ದಾಗ ತಂದೆಯ ಕಾಲು ಹಡಗಿಗೆ ಸಿಕ್ಕಿ ಜಜ್ಜಿತು. ಧನುರ್ವಾಯುವಿನಿಂದ ಆತನು ತೀರಿಕೊಂಡನು. ಮುಖ್ಯ ಇಂಜಿನಿಯರನ ಹೊಣೆ ೩೨ ವರ್ಷದ ಮಗನ ಹೆಗಲೇರಿತು.

ಬುನಾದಿಗಾಗಿ ಮರದ ಭಾರಿ ಪೆಟ್ಟಿಗೆಗಳನ್ನು ಬೋರಲಾಗಿ ನದಿಗಿಳಿಸಿ, ನೀರು ನುಗ್ಗದಂತೆ ಒತ್ತಡದ ಗಾಳಿಯನ್ನು ತುಂಬುತ್ತಿದ್ದರು. ಕೂಲಿಗಳು ಒಳಗಿದ್ದು ನದಿಯ ತಳವನ್ನು ಅಗೆಯುತ್ತಿದ್ದರು. ಬೇಗನೆ ಹೊರಬಂದವರಿಗೆ ಕೀಲುನೋವು, ಪಾರ್ಶ್ವವಾಯು ತಗಲುತ್ತಿದ್ದವು. ಒತ್ತಡವು ಥಟ್ಟನೆ ಇಳಿದಾಗ ರಕ್ತದಲ್ಲಿ ಗುಳ್ಳೆಗಳೇಳುವುದೇ ಕಾರಣವೆಂಬುದು ಅಂದು ಸ್ಪಷ್ಟವಾಗಿರಲಿಲ್ಲ. ರೋಬ್ಲಿಂಗನು ತಾನೂ ಒಳಗಿಳಿಯುತ್ತಿದ್ದನು. ೧೮೭೦ರ ಡಿಸೆಂಬರಿನಲ್ಲಿ ಪೆಟ್ಟಿಗೆಯೊಂದಕ್ಕೆ ಬೆಂಕಿ ಬಿದ್ದಾಗ ಬಹುಹೊತ್ತು ಒಳಗಿದ್ದು ಕುಸಿದುಬಿದ್ದನು.

೧೮೭೨ರಲ್ಲಿ ನ್ಯೂಯಾರ್ಕಿನ ಬದಿಯ ಬುನಾದಿ ೭೮ ಅಡಿಯಷ್ಟು ಇಳಿದಾಗ ಕೂಲಿಗಳ ಸಾವು ಮೊದಲಾಯಿತು. ಬಂಡೆ ಇನ್ನೂ ಕೆಳಗಿತ್ತು. ಅಗೆಸಿದರೆ ಇನ್ನಷ್ಟು ಜೀವಹಾನಿ. ನಿಲ್ಲಿಸಿದರೆ ಮುಂದೆ ಗೋಪುರ ಕುಸಿದೀತೆಂಬ ಭಯ. ಗಟ್ಟಿ ಮರಳಿನ ಮೇಲೆಯೇ ಬುನಾದಿ ನಿಲ್ಲಲೆಂದು ಆತನು ತೀರ್ಮಾನಿಸಿದನು. ಆ ಗೋಪುರ ಇಂದಿಗೂ ನಿಂತಿದೆ.

ಅದೇ ವರ್ಷ ರೋಗವು ಆತನನ್ನೂ ಹಿಡಿಯಿತು. ದೇಹದೊಡನೆ ನರಗಳೂ ಸೋತವು. ಜನರೊಡನೆ ಮಾತನಾಡುವುದೂ ಭಾರವಾಯಿತು. ಆಗ ಹೆಂಡತಿ ಎಮಿಲಿಯು ಗಣಿತವನ್ನೂ ತಂತಿಯ ಬಲಾಬಲವನ್ನೂ ಕಲಿತು, ಆತನ ಸೂಚನೆಗಳನ್ನು ಕೆಲಸದ ಜಾಗಕ್ಕೆ ಮುಟ್ಟಿಸಿದಳು. ಸಹಾಯಕ ಇಂಜಿನಿಯರುಗಳು ಕೈಜೋಡಿಸಿದರು. ೧೮೭೮ರಲ್ಲಿ ಗುತ್ತಿಗೆದಾರನೊಬ್ಬನು ಕಳಪೆ ತಂತಿ ಒದಗಿಸಿದ್ದು ಬಯಲಾಯಿತು. ಬೇಕಾದುದಕ್ಕಿಂತ ಆರು ಪಟ್ಟು ಬಲವನ್ನು ಮೊದಲೇ ಲೆಕ್ಕ ಹಾಕಿದ್ದುದರಿಂದ, ಪ್ರತಿ ಹಗ್ಗಕ್ಕೂ ಸುಮಾರು ೧೫೦ ತಂತಿಗಳನ್ನು ಹೆಚ್ಚಿಗೆ ಸೇರಿಸಿದಾಗ ಅಪಾಯ ತಪ್ಪಿತು. ೧೮೮೨ರಲ್ಲಿ ಆತನನ್ನೇ ತೆಗೆದುಹಾಕುವ ಪ್ರಯತ್ನ ನಡೆಯಿತು. ಮೂರು ಮತಗಳ ಅಂತರದಿಂದ ಹುದ್ದೆ ಉಳಿಯಿತು.

೧೮೮೩ರ ಮೇ ೨೪ರಂದು ಸೇತುವೆ ತೆರೆಯಿತು. ಆತನಿಗೆ ಸಮಾರಂಭಕ್ಕೆ ಹೋಗುವ ಚೈತನ್ಯವಿರಲಿಲ್ಲ. ೧೯೨೬ರಲ್ಲಿ, ೮೯ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು.

ಮೇಲಿನವರು ಸಿಡುಕಿದಾಗ ನಾವು ನೊಂದುಕೊಳ್ಳುವುದುಂಟು. ಅವರ ತಲೆಯ ಮೇಲಿನ ಹೊರೆಯನ್ನೂ ನಾವು ನೆನೆಯೋಣ. ಹೊರೆಯನ್ನು ಹಂಚಿಕೊಳ್ಳದೆ ಕೆಲಸ ಸಾಗದೆಂಬುದನ್ನು ಮೇಲಿನವರೂ ಈ ಜೀವನದಿಂದ ಅರಿಯಲಿ.