ಮನೆಯೇ ಮೊದಲ ಧರ್ಮೋಪದೇಶ ಶಾಲೆ

ಸಂತ ಜಾನ್ ಬೋಸ್ಕೊರವರನ್ನು ಯುವಜನರ ತಂದೆಯೆಂದು ನಾವು ಸ್ಮರಿಸುತ್ತೇವೆ. ಅವರನ್ನು ರೂಪಿಸಿದ ಮನೆಯನ್ನು ಮರೆಯುತ್ತೇವೆ. 1815ರ ಆಗಸ್ಟ್ 16ರಂದು ಇಟಲಿಯ ಪೀಡ್‌ಮಾಂಟ್ ಪ್ರಾಂತದ ಬೆಕ್ಕಿ ಎಂಬಲ್ಲಿ ರೈತ ಕುಟುಂಬದಲ್ಲಿ ಜನಿಸಿದ ಅವರು ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. ತಾಯಿ ಮಾರ್ಗರಿತಾರವರಿಗೆ ಓದುಬರಹ ತಿಳಿದಿರಲಿಲ್ಲ. ಆದರೂ ತಮಗೆ ಕಂಠಪಾಠವಾಗಿದ್ದ ಧರ್ಮೋಪದೇಶವನ್ನೂ ಬೈಬಲಿನ ಕಥೆಗಳನ್ನೂ ಮಕ್ಕಳಿಗೆ ಕಲಿಸಿದರು. ಮಗನನ್ನು ಪ್ರಥಮ ಪರಮಪ್ರಸಾದಕ್ಕೆ ತಾವೇ ಸಿದ್ಧಗೊಳಿಸಿದರು.

1841ರ ಜೂನ್‌ನಲ್ಲಿ ಬೋಸ್ಕೊರವರು ಗುರುದೀಕ್ಷೆ ಪಡೆದರು. ಅದೇ ವರ್ಷ ಡಿಸೆಂಬರ್ 8ರಂದು ಟ್ಯೂರಿನ್ ನಗರದ ಸಂತ ಫ್ರಾನ್ಸಿಸ್ ಅಸಿಸಿ ದೇವಾಲಯದಲ್ಲಿ ಅವರು ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ, ಪೂಜೆಗೆ ನೆರವಾಗಲು ತಿಳಿಯದ ಬಾರ್ತೊಲೊಮೆಯೊ ಗರೆಲ್ಲಿ ಎಂಬ ಅನಾಥ ತರುಣನನ್ನು ದೇವಾಲಯದ ಸೇವಕನು ಹೊಡೆದು ಓಡಿಸಿದನು. ಬೋಸ್ಕೊರವರು ಅವನನ್ನು ಮರಳಿ ಕರೆಸಿ, ಆದರಿಸಿ, ಪೂಜೆಯ ಬಳಿಕ ಶಿಲುಬೆಯ ಗುರುತಿನಿಂದ ಪಾಠ ಆರಂಭಿಸಿದರು. ಅವರ ಯುವಸೇವೆಗೆ ಅದೇ ನಾಂದಿಯಾಯಿತು.

1846ರಲ್ಲಿ ಮಾರ್ಗರಿತಾರವರೂ ಟ್ಯೂರಿನ್ನಿಗೆ ಬಂದು, 1856ರಲ್ಲಿ ನಿಧನರಾಗುವವರೆಗೂ ವಾಲ್ದೊಕ್ಕೊದ ನಿರ್ಗತಿಕ ಬಾಲಕರಿಗೆ ತಾಯಿಯಾದರು. 1847ರಲ್ಲಿ ಬೋಸ್ಕೊರವರು ಎಳೆಯರಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ ಬೈಬಲಿನ ಚರಿತ್ರೆಯನ್ನು ಬರೆದು ಪ್ರಕಟಿಸಿದರು. 1888ರ ಜನವರಿ 31ರಂದು ದೈವಾಧೀನರಾದ ಅವರಿಗೆ 1934ರಲ್ಲಿ ಸಂತ ಪದವಿ ದೊರೆಯಿತು.

ಹದಿಹರೆಯದ ಮಕ್ಕಳ ಬೈಬಲ್ ಪಾಠವನ್ನು ಭಾನುವಾರದ ತರಗತಿಗೆ ಒಪ್ಪಿಸಿ ನಾವು ನಿಶ್ಚಿಂತರಾಗುತ್ತೇವೆ. ಕಲಿಸುವಷ್ಟು ಜ್ಞಾನ ನಮಗಿಲ್ಲವೆನ್ನುತ್ತೇವೆ. ಅಕ್ಷರವರಿಯದ ಆ ತಾಯಿಯ ಮುಂದೆ ಈ ನೆಪ ನಿಲ್ಲುವುದೇ? ಸಂಜೆಯ ಜಪಸರದ ಬಳಿಕ ಶುಭಸಂದೇಶದ ಒಂದು ಪುಟವನ್ನಾದರೂ ಮಕ್ಕಳೊಡನೆ ಕುಳಿತು ಓದೋಣ.