ಬೌಲರ್ ಪಲವಂಕರ್ ಬಾಲೂ

ಪಲವಂಕರ್ ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದಲ್ಲಿ. ಚಮ್ಮಾರ ಸಮುದಾಯದವರು, ತಂದೆ ಸೇನೆಯ ನೌಕರಿಯಲ್ಲಿದ್ದರು. ಕುಟುಂಬ ಪುಣೆಗೆ ಹೋದ ಮೇಲೆ ಹುಡುಗನಿಗೆ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ಉರುಳೆ ಎಳೆಯುವ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 3 ರೂಪಾಯಿ.

ಅಲ್ಲಿಂದ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ. ಸಂಬಳ 4 ರೂಪಾಯಿಗೆ ಏರಿತು. ನೆಟ್ ಕಟ್ಟುವುದು, ಗೆರೆ ಹಾಕುವುದು, ಸಾಹೇಬರಿಗೆ ಅಭ್ಯಾಸಕ್ಕಾಗಿ ಚೆಂಡು ಹಾಕುವುದು. ಗ್ರೆಗ್ ಎಂಬ ಹೆಸರಾಂತ ಬ್ಯಾಟುಗಾರ ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದನೆಂಬ ಕಥೆಯಿದೆ. ಕಥೆಯೇ ಇರಬಹುದು. ಆದರೆ ಗಂಟೆಗಟ್ಟಲೆ ಚೆಂಡು ಹಾಕಿದ ಆ ಹುಡುಗನ ಕೈಗೆ ಅಲ್ಲಿ ಬ್ಯಾಟು ಮಾತ್ರ ಯಾರೂ ಕೊಡಲಿಲ್ಲ. ಎಡಗೈ ಸ್ಪಿನ್ ಪಳಗಿದ್ದು ಹೀಗೆ.

ಪುಣೆಯ ಹಿಂದೂಗಳಿಗೆ ಯುರೋಪಿಯನ್ನರನ್ನು ಸೋಲಿಸಬೇಕಿತ್ತು; ಅದಕ್ಕೆ ಬಾಲೂ ಬೇಕಿತ್ತು. ಕರೆದುಕೊಂಡರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟಿದರು. ಚಹಾದ ವಿರಾಮ ಬಂದರೆ ಅವರಿಗೆ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಲೋಟದಲ್ಲಿ. ಊಟಕ್ಕೂ ಬೇರೆ ತಟ್ಟೆ, ಬೇರೆ ಜಾಗ. ಪ್ರಶಿಕ್ಷಣಾರ್ಥಿಗಳೇ, ಅಸ್ಪೃಶ್ಯತೆಯ ಪಾಠಕ್ಕೆ ವ್ಯಾಖ್ಯೆಯಿಂದ ಆರಂಭಿಸುವ ಬದಲು ಒಮ್ಮೆ ಈ ಲೋಟದಿಂದ ಆರಂಭಿಸಿ ನೋಡಿ. ಚೆಂಡಿಗಿಲ್ಲದ ಮೈಲಿಗೆ ಲೋಟಕ್ಕೆ ಹೇಗೆ ಬಂತೆಂದು ಮಕ್ಕಳೇ ಕೇಳುತ್ತಾರೆ.

1896ರ ಸುಮಾರಿಗೆ ಬಾಲೂ ಮುಂಬಯಿಗೆ ಬಂದರು. ಕ್ರಿಕೆಟ್ ಅಲ್ಲಿ ಆಗಲೇ ಊರಿನ ದೊಡ್ಡ ತಮಾಷೆಯಾಗಿತ್ತು. ಗಿರಣಿ, ಕಚೇರಿ, ಕಾಲೇಜುಗಳ ಜನ ಸಾವಿರಗಟ್ಟಲೆ ನೆರೆಯುತ್ತಿದ್ದರು. ಮರುದಿನ ಪತ್ರಿಕೆಗಳು ವರದಿ ಮಾಡುತ್ತಿದ್ದವು. ತಂಡಗಳು ಜಾತಿ ಮತಗಳ ಹೆಸರಿನವು. ಸೋತರೆ ಸಮುದಾಯಕ್ಕೇ ಅವಮಾನವೆಂಬ ಭಾವನೆ ಇದ್ದುದರಿಂದ, ವಿಕೆಟ್ ತೆಗೆಯುವವನನ್ನು ಹೊರಗಿಡುವುದು ಕಷ್ಟವಾಯಿತು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಅಷ್ಟರಲ್ಲಿ ಮುಂಬಯಿಯ ಹಿಂದೂ ಜಿಮ್ಖಾನಾ ಅವರನ್ನು ಜೊತೆಯಲ್ಲಿ ಊಟಕ್ಕೆ ಕೂರಿಸಿಕೊಂಡಿತ್ತು. ಸುಧಾರಣಾವಾದಿ ಪತ್ರಿಕೆ ಅದನ್ನು ಆಟಕ್ಕಿಂತ ದೊಡ್ಡ ಗೆಲುವೆಂದು ಬಗೆಯಿತು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಭಾರತದ ತಂಡ ಸೋತದ್ದೇ ಹೆಚ್ಚು. ಬಾಲೂ ಮಾತ್ರ ನೂರಕ್ಕೂ ಹೆಚ್ಚು ವಿಕೆಟ್ ಪಡೆದರು.

ಚಪ್ಪಾಳೆ ಅಲ್ಲಿಗೇ ನಿಂತಿತು. ವರ್ಷ ವರ್ಷ ಅರ್ಹತೆಯಿದ್ದರೂ ಹಿಂದೂ ತಂಡದ ನಾಯಕತ್ವ ಬಾಲೂಗೆ ಕೊಡಲಿಲ್ಲ. ಅದು ದೊರೆತದ್ದು ತಮ್ಮ ವಿಠಲನಿಗೆ. 1923ರಲ್ಲಿ ವಿಠಲನ ನಾಯಕತ್ವದಲ್ಲಿ ತಂಡ ಗೆದ್ದಿತು.

ಆಮೇಲೆ ಬಾಲೂ ರಾಜಕೀಯಕ್ಕೆ ಬಂದರು. ಯೌವನದಲ್ಲಿ ಅವರನ್ನು ಮೆಚ್ಚಿದ್ದ ಅಂಬೇಡ್ಕರರ ಎದುರು 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ನಿಂತು ಸೋತರು. 1955ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.